ಗಾಯಕನನ್ನು ನಡುವೆ ನಿಲ್ಲಿಸುವ ಕಷ್ಟ

ಫ್ಯಾನಿನ ಸದ್ದು ಬೇಡವೆಂದು ಎ.ಸಿ. ಆರಿಸಿ, ಕಿಟಕಿ ಮುಚ್ಚಿ, ಬೆವರು ಸುರಿಸಿ, ಕಾರಿನ ಸ್ಪೀಕರುಗಳ ಸದ್ದೆಲ್ಲ ಡ್ರೈವರ್ ಕಿವಿಗೆ ಒಟ್ಟಿಗೇ ಮುಟ್ಟುವಂತೆ ಹತ್ತಿರದವನ್ನು ತಡಮಾಡಿಸಿ, ಗಾಯಕನನ್ನು ಡ್ಯಾಶ್‌ಬೋರ್ಡಿನ ನಟ್ಟನಡುವೆ ತಂದು ನಿಲ್ಲಿಸಿದ್ದಾಗಿರುತ್ತದೆ. ಪಕ್ಕದ ಸೀಟಿಗೆ ಬಂದು ಕೂತವರ ಮೊದಲ ಮಾತು: "ಏನ್ರೀ ಇದು, ಹಾಡೆಲ್ಲ ನನ್ನ ಕಿಟಕಿಯಿಂದಲೇ ಬರ್ತಿದೆ!" ಬರಲೇಬೇಕು. ಡ್ರೈವರ್ ಪಕ್ಕದ ಸ್ಪೀಕರನ್ನು ತಡಮಾಡಿಸಿದ್ದೇ ಡ್ರೈವರ್ ಕಿವಿಗಾಗಿ. ಇಬ್ಬರಿಗೂ ಆ ನಡು ಸಿಗಬೇಕಾದರೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂರಬೇಕು.

ಲೆಕ್ಕವೇನೋ ಸುಲಭ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ತಲೆಯಿಂದ ಡಿಕ್ಕಿಯಲ್ಲಿ ಬಾಸ್ ನುಡಿಸುವ ಸಬ್‌ವೂಫರಿಗೆ 180 ಸೆಂ.ಮೀ., ಆಚೆ ಬಾಗಿಲಿನ ಸ್ಪೀಕರಿಗೆ 140, ಈಚೆಯದಕ್ಕೆ 95 ಅನ್ನಿ. ಅತಿ ದೂರದ್ದಕ್ಕೆ ಸೊನ್ನೆ ತಡ, ಉಳಿದವು ಅದಕ್ಕಾಗಿ ಕಾಯಬೇಕು: ಆಚೆಯದು 1.2 ಮಿಲಿಸೆಕೆಂಡ್, ಈಚೆಯದು 2.5.

ಆದರೆ ಆ 95 ಸಿಗುವಷ್ಟರಲ್ಲಿ ಜೀವ ಹೋಗಿರುತ್ತದೆ. ಟೇಪಿನ ಒಂದು ತುದಿ ಸ್ಪೀಕರ್ ಬಳಿ ಬಗ್ಗಿದವರ ಕೈಯಲ್ಲಿ, ಇನ್ನೊಂದು ಮೂಗಿನ ಹತ್ತಿರ. ತಲೆ ಅಲ್ಲಾಡಬಾರದು. "ಎಷ್ಟು?" ಅಂತ ಕೆಳಗಿನಿಂದ ಕೂಗು. ಅಂಕಿ ಇರುವುದು ಮೂಗಿನ ತುದಿಯಲ್ಲಿ. ಓದಬೇಕಾದರೆ ತಲೆ ಹಿಂದಕ್ಕೆಳೆಯಬೇಕು. ಎಳೆದರೆ 101. ಮುಂದೆ ಬಂದರೆ 93, ಜೊತೆಗೆ ಮಾಲುಗಣ್ಣು. ಸಬ್‌ವೂಫರಿನ ಸರದಿಯಲ್ಲಿ ಟೇಪು ಹಿಂದಿನ ಸೀಟನ್ನು ಬಳಸಿಕೊಂಡು, ಬೆಲ್ಟಿಗೆ ಸಿಕ್ಕಿಕೊಂಡು, ಕೊನೆಗೆ ಕೈತಪ್ಪಿ ಸರ್ರನೆ ಸುತ್ತಿಕೊಂಡು ಕಿವಿಗೇ ಬಡಿಯುತ್ತದೆ.

ಇಷ್ಟಾದ ಮೇಲೂ ಮಣ್ಣುಪಾಲಾಗುವ ದಾರಿ ಒಂದಿದೆ. ಈ ಅಂಕಿ ತುಂಬಿಸಿಕೊಳ್ಳುವ ಯಂತ್ರಗಳಲ್ಲಿ ಕೆಲವು ಕೇಳುವುದು ತಡ, ಕೆಲವು ಕೇಳುವುದು ದೂರ. ದೂರ ಕೇಳಿದಲ್ಲಿ ಸಬ್‌ವೂಫರಿಗೆ ಸೊನ್ನೆ ಒತ್ತಿದಿರೋ, ಅದು ನಿಮ್ಮ ಹೆಗಲೇರಿ ಕೂತಿದೆಯೆಂದೇ ಯಂತ್ರ ನಂಬಿ, ಕಾಯಬೇಕಿಲ್ಲದ ಅದನ್ನೇ ಎಲ್ಲರಿಗಿಂತ ಹೆಚ್ಚು ಕಾಯಿಸುತ್ತದೆ.

ಯಾವ ಸ್ವರ ಯಾವ ಸ್ಪೀಕರಿಗೆ ಎಂದು ಹಂಚುವ ಕ್ರಾಸ್‌ಓವರ್ ಅಂದರೆ ಅಣ್ಣತಮ್ಮಂದಿರ ಪಾಲು: 80 ಹರ್ಟ್ಸ್ ಕೆಳಗೆ ಸಬ್‌ವೂಫರ್, ಮೇಲೆ ಬಾಗಿಲಿನವು, 3,000ದ ಆಸುಪಾಸಿನಿಂದ ಕೀರಲು ಸ್ವರದ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್. ಗಡಿಯ ಬೇಲಿ, ಅಂದರೆ ಫಿಲ್ಟರ್, ಎರಡೂ ಕಡೆ ಒಂದೇ ಜಾತಿಯದಿರಲಿ. ಗಡಿಯಾಚೆ ಪ್ರತಿ ಸಪ್ತಕಕ್ಕೆ 24 ಡೆಸಿಬೆಲ್ ತಗ್ಗಿಸುವ ಲಿಂಕ್‌ವಿಟ್ಜ್-ರೈಲಿ ಎಂಬ ಫಿಲ್ಟರ್ ಹಾಕಿದರೆ ಗಡಿಯಲ್ಲಿ ಇಬ್ಬರೂ 6 ಡೆಸಿಬೆಲ್ ತಗ್ಗಿ, ಕೂಡಿದಾಗ ಸಮವಾಗುತ್ತಾರೆ. ಅದೇ 12ರದ್ದಾದರೆ ಒಬ್ಬರ ಪೊಲಾರಿಟಿ, ಅಂದರೆ ಪ್ಲಸ್-ಮೈನಸ್, ತಿರುಗಿಸಬೇಕು. ಮರೆತರೆ ಗಡಿಯಲ್ಲಿ ಒಬ್ಬರನ್ನೊಬ್ಬರು ಅಳಿಸಿ ಹಾಕಿ, ಬಾಸ್ ಇರಬೇಕಾದ ಕಡೆ ಹೊಂಡ. ಆ ಹೊಂಡಕ್ಕೆ ಈಕ್ವಲೈಜರಿನಲ್ಲಿ ಎಷ್ಟು ಸುರಿದರೂ ತುಂಬುವುದಿಲ್ಲ, ಆಂಪ್ಲಿಫೈಯರ್ ಬಿಸಿಯಾಗುತ್ತದೆ ಅಷ್ಟೇ. 80 ಹರ್ಟ್ಸ್ ಸ್ವರ ಹಾಕಿ ಪೊಲಾರಿಟಿ ತಿರುಗಿಸಿ ನೋಡಿ. ಜೋರಾಗಿ ಕೇಳಿಸಿದ್ದೇ ಸರಿ.

ಇನ್ನೊಂದು ಹೊಟ್ಟೆಯುರಿ: ಫಿಲ್ಟರೂ ತಾನಾಗಿಯೇ ಶಬ್ದವನ್ನು ತಡಮಾಡುತ್ತದೆ, ಕೆಳಗಿನ ಸ್ವರಗಳಲ್ಲಂತೂ ಹಲವು ಮಿಲಿಸೆಕೆಂಡು. ಟೇಪಿಗೆ ಫಿಲ್ಟರ್ ಕಾಣುವುದಿಲ್ಲ. ಹಾಗಾಗಿ ಮೊದಲು ಕ್ರಾಸ್‌ಓವರ್, ಆಮೇಲೆ ತಡ. ಇದನ್ನು ಉಲ್ಟಾ ಮಾಡಿದವರು ಮತ್ತೆ ಟೇಪು ಹಿಡಿಯುತ್ತಾರೆ.

ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಒಂದೇ ಸ್ಪೀಕರ್ ಇರುತ್ತಿತ್ತು. ಗೊರಗೊರ ಅನ್ನುತ್ತಿತ್ತು, ನಿಜ. ಗಾಯಕ ಮಾತ್ರ ಯಾರೂ ಅಳೆಯದೆಯೇ ನಡುವೆ ನಿಂತಿರುತ್ತಿದ್ದ, ಕೂತವರೆಲ್ಲರಿಗೂ.

ಅದನ್ನು ನೆನೆಯುತ್ತಿರುವಾಗಲೇ ಪಕ್ಕದ ಸೀಟಿನ ಕೈ ಮೆಲ್ಲಗೆ ಮುಂದೆ ಬರುತ್ತದೆ. "ಬಾಸ್ ಸ್ವಲ್ಪ ಜಾಸ್ತಿ ಮಾಡ್ಲಾ?"