ಸಾಲದ ದುಡ್ಡಲ್ಲಿ ಪೈಲಟ್ ಆಗುವವರು ಎಲ್ಲಿ ಕಲಿಯಬೇಕು?

ಮನೆ ಅಡವಿಟ್ಟೋ ಬ್ಯಾಂಕ್ ಸಾಲ ತೆಗೆದೋ ಮಕ್ಕಳನ್ನು ಪೈಲಟ್ ಮಾಡಲು ಹೊರಟಿದ್ದರೆ ಇಲ್ಲೇ ಕಲಿಸಿ. ಅಮೆರಿಕ ಬೇಡ. ಕೈಯಲ್ಲಿ ದುಡ್ಡಿದೆ, ಅಂದುಕೊಂಡಿದ್ದಕ್ಕಿಂತ ಹತ್ತಿಪ್ಪತ್ತು ಲಕ್ಷ ಜಾಸ್ತಿ ಹೋದರೂ ನಿದ್ದೆ ಕೆಡಲ್ಲ ಅನ್ನುವವರು ಧಾರಾಳವಾಗಿ ಹೋಗಲಿ. ಅಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಪಿಯುಸಿ ರಿಸಲ್ಟ್ ಬಂದಾಗಿನಿಂದ ಫೋನ್ ಮಾಡಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಅರ್ಧ ಜನಕ್ಕೆ ಬೇಜಾರಾಗುತ್ತದೆ. ಅದಕ್ಕೇ ಕಾರಣ ಇಲ್ಲಿ ಬರೆದುಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಇಲ್ಲೇ ಕಲಿತವನು. ಈಗ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಜೊತೆಗೆ ಹಾರುವವರಲ್ಲಿ ಫ್ಲೋರಿಡಾದಲ್ಲಿ ಕಲಿತವರಿದ್ದಾರೆ, ನ್ಯೂಜಿಲೆಂಡ್‌ನವರಿದ್ದಾರೆ, ದಕ್ಷಿಣ ಆಫ್ರಿಕಾದವರಿದ್ದಾರೆ, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರೋ ಸರ್ಕಾರಿ ಅಕಾಡೆಮಿಯವರೂ ಇದ್ದಾರೆ. ಲ್ಯಾಂಡಿಂಗ್ ನೋಡಿ ಯಾರು ಎಲ್ಲಿಯವರು ಅಂತ ಹೇಳೋದು ನನ್ನ ಕೈಲಂತೂ ಆಗಲ್ಲ. ಹಾಗಾಗಿ 'ಫಾರಿನ್‌ನಲ್ಲಿ ಕಲಿತರೆ ಒಳ್ಳೆ ಪೈಲಟ್' ಅನ್ನುವ ಮಾತನ್ನು ಪಕ್ಕಕ್ಕಿಡೋಣ.

ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಡಿಜಿಸಿಎ, ಅಂದರೆ ನಮ್ಮ ವಿಮಾನಯಾನ ನಿಯಂತ್ರಣ ಇಲಾಖೆ, ಕೇಳುವುದು ಒಟ್ಟು 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ಪಿಐಸಿ ಇರಬೇಕು, ಅಂದರೆ ವಿಮಾನದ ಜವಾಬ್ದಾರಿ ನಿಮ್ಮದೇ ಆಗಿರಬೇಕು. ಕೇಳಲು ಕಮ್ಮಿ ಅನಿಸುತ್ತೆ. ದಿನಕ್ಕೆ ಒಂದು ಗಂಟೆ ಹಾರಿದರೂ ಏಳು ತಿಂಗಳು, ಅಲ್ವಾ? ಅಡ್ಮಿಷನ್ ಕೌಂಟರ್‌ನಲ್ಲಿ ಕೂತವರೂ ಇದೇ ಲೆಕ್ಕ ಹೇಳುತ್ತಾರೆ.

ನಮ್ಮಲ್ಲಿ ದಿನಕ್ಕೊಂದು ಗಂಟೆ ಸಿಗೋದು ಅಪರೂಪ. ನಾನು ಕಲಿತ ಕಡೆ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಹೋಗಿ, ಸಂಜೆವರೆಗೆ ಕೂತು, ಒಂದೂ ಸಾರ್ಟಿ (ಒಂದು ಸಲದ ಹಾರಾಟ) ಮಾಡದೆ ವಾಪಸ್ ಬಂದ ದಿನಗಳು ಬೇಕಾದಷ್ಟಿವೆ. ಒಂದು ದಿನ ಬಿಡಿಭಾಗ ಬಂದಿಲ್ಲ ಅಂತ ವಿಮಾನ ಹ್ಯಾಂಗರ್‌ನಲ್ಲೇ ನಿಂತಿರುತ್ತದೆ. ಇನ್ನೊಂದು ದಿನ ವಿಮಾನ ಇರುತ್ತದೆ, ಇನ್‌ಸ್ಟ್ರಕ್ಟರ್ ಕೆಲಸ ಬಿಟ್ಟು ಏರ್‌ಲೈನ್ ಸೇರಿರುತ್ತಾರೆ. ಎರಡೂ ಇದ್ದ ದಿನ ಮೋಡ. ಪ್ರಯಾಣಿಕರ ವಿಮಾನ ಬರುವ ನಿಲ್ದಾಣವಾದರೆ ಅದು ಇಳಿದು ಹೋಗುವವರೆಗೆ ನಮ್ಮ ಪುಟ್ಟ ಸೆಸ್ನಾ ವಿಮಾನ ಕಾಯಬೇಕು. ಕ್ರಾಸ್ ಕಂಟ್ರಿಗೆ, ಅಂದರೆ ದೂರದ ಊರಿಗೆ ಹಾರಲು ಹೊರಟರೆ ಫ್ಲೈಟ್ ಪ್ಲಾನ್ ಹಾಕಬೇಕು, ವಾಯುರಕ್ಷಣೆಯವರಿಂದ ಅನುಮತಿಯ ಎಡಿಸಿ ನಂಬರ್ ತಗೋಬೇಕು, ಹಾರಾಟ ಮಾಹಿತಿ ಕೇಂದ್ರದಿಂದ ಎಫ್‌ಐಸಿ ನಂಬರ್ ತಗೋಬೇಕು. ಅಷ್ಟರಲ್ಲಿ ಬಿಸಿಲೇರಿ ಗಾಳಿ ಎದ್ದಿರುತ್ತದೆ. ಜೂನ್ ಬಂತು ಅಂದರೆ ಬೆಳಗಾವಿ ಕಡೆ ಮಳೆ, ಡಿಸೆಂಬರ್ ಬಂತು ಅಂದರೆ ಫುರ್ಸತ್‌ಗಂಜ್ ಕಡೆ ಮಂಜು. ಒಂದು ವರ್ಷದ ಕೋರ್ಸ್ ಎರಡು, ಎರಡೂವರೆ ವರ್ಷಕ್ಕೆ ಎಳೆಯೋದು ಹೀಗೆ.

ಡಿಜಿಸಿಎಗೂ ಇದು ಗೊತ್ತು. 2025ರಲ್ಲಿ ಫ್ಲೈಯಿಂಗ್ ಶಾಲೆಗಳಿಗೆ ಶ್ರೇಣಿ ಕೊಡಲು ಶುರುಮಾಡಿದರು. ಮೊದಲ ಪಟ್ಟಿಯಲ್ಲಿ ಎ ಪ್ಲಸ್ ಪ್ಲಸ್ ಯಾರಿಗೂ ಇಲ್ಲ, ಎ ಕೂಡ ಯಾರಿಗೂ ಇಲ್ಲ. ಎಲ್ಲರೂ ಬಿ, ಇಲ್ಲಾ ಸಿ. ಇಷ್ಟು ಹೇಳಿದ ಮೇಲೂ ಇಲ್ಲೇ ಕಲಿಯಿರಿ ಅಂತೀನಲ್ಲ, ತಲೆ ಕೆಟ್ಟಿದೆಯಾ ಅಂತ ಕೇಳಬಹುದು.

ಅಮೆರಿಕದ ಸುಖ ನಿಜವಾದದ್ದೇ. ಅರಿಜೋನಾದಲ್ಲಿ ವರ್ಷದ ಬಹುಪಾಲು ಆಕಾಶ ಶುಭ್ರ. ಊರೂರಿಗೂ ಪುಟ್ಟ ಏರ್‌ಪೋರ್ಟ್, ಎಷ್ಟೋ ಕಡೆ ಟವರ್ರೇ ಇಲ್ಲ. ರೇಡಿಯೊದಲ್ಲಿ ನಾನು ಇಲ್ಲಿದ್ದೇನೆ, ಇಳಿಯುತ್ತಿದ್ದೇನೆ ಅಂತ ಹೇಳಿಕೊಂಡು ಇಳಿಯಬಹುದು. ಹವಾಮಾನ ಚೆನ್ನಾಗಿದ್ದರೆ ಹೆಚ್ಚಿನ ಕಡೆ ಫ್ಲೈಟ್ ಪ್ಲಾನ್ ಕೂಡ ಕಡ್ಡಾಯವಲ್ಲ. ಹತ್ತೊಂಬತ್ತರ ಹುಡುಗಿ ಒಬ್ಬಳೇ ವಿಮಾನ ತಗೊಂಡು ಮೂರು ಊರು ಸುತ್ತಿ ಬರುತ್ತಾಳೆ. ಆ ಸ್ವಾತಂತ್ರ್ಯದಿಂದ ಬರುವ ಧೈರ್ಯ ದೊಡ್ಡದು. ಅದರ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಿದೆ.

ಆದರೆ ಅಲ್ಲೂ ಹಾರಾಟ ನಿಲ್ಲುತ್ತದೆ. ಫ್ಲೋರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ದಿನನಿತ್ಯದ್ದು. ಚೆಕ್ ರೈಡ್‌ಗೆ (ಹಾರಿಸಿ ತೋರಿಸುವ ಪರೀಕ್ಷೆ) ಪರೀಕ್ಷಕರ ಡೇಟ್ ಸಿಗದೆ ವಾರಗಟ್ಟಲೆ ಕಾಯುವವರಿದ್ದಾರೆ. ಫೇಲಾದರೆ ಮತ್ತೆ ಟ್ರೇನಿಂಗ್, ಮತ್ತೆ ಫೀಸ್. ಇಲ್ಲಿ ಕಾಯೋದಕ್ಕೆ ಪಿಜಿ ಬಾಡಿಗೆ, ಊಟ ಮತ್ತು ತಾಳ್ಮೆ ಸಾಕು. ತೀರಾ ಆಗಲಿಲ್ಲ ಅಂದರೆ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದು ಒಂದು ತಿಂಗಳು ಅಮ್ಮನ ಕೈ ಊಟ ಉಂಡು ಡಿಜಿಸಿಎ ಪರೀಕ್ಷೆಯ ಪೇಪರ್‌ಗೆ ಓದಬಹುದು. ಅಲ್ಲಿ ಹಾರದೆ ಕೂತ ದಿನವೂ ಮೀಟರ್ ಡಾಲರ್‌ನಲ್ಲೇ ಓಡುತ್ತಿರುತ್ತದೆ. ಇಂಥ ಕೋರ್ಸ್‌ಗೆ ಕೊಡುವ ಎಂ-1 ವೀಸಾದಲ್ಲಿ ಓದುವಾಗ ಕೆಲಸ ಮಾಡಿ ಸಂಪಾದಿಸುವಂತಿಲ್ಲ. ವೀಸಾಕ್ಕೂ ಗಡುವಿದೆ. ನೀವು ಸಾಲ ಪಡೆದಾಗಿನ ರೂಪಾಯಿ ಬೆಲೆ ಕೊನೆ ಕಂತಿನ ಫೀಸ್ ಕಟ್ಟುವಾಗ ಇರಲ್ಲ. ಕೋರ್ಸ್ ಮುಗಿಯೋ ಮೊದಲೇ ದುಡ್ಡು ಖಾಲಿಯಾದ ಹುಡುಗನ ಕೈಯಲ್ಲಿ ಲೈಸೆನ್ಸ್ ಇರಲ್ಲ, ಸಾಲ ಇರುತ್ತದೆ. ಅಂಥವರ ಅಪ್ಪಂದಿರ ಜೊತೆ ಮಾತಾಡಿದ್ದೇನೆ. ಅದಕ್ಕೇ ನನ್ನ ಮಾತು ಇಷ್ಟು ಗಟ್ಟಿ.

ಇನ್ನು ವಾಪಸ್ ಬಂದ ಮೇಲಿನ ಕಥೆ. ಅಮೆರಿಕದ ಲೈಸೆನ್ಸ್ ಹಿಡಿದು ಇಲ್ಲಿ ಏರ್‌ಲೈನ್ ವಿಮಾನ ಹಾರಿಸೋಕೆ ಆಗಲ್ಲ. ಕನ್ವರ್ಷನ್ ಮಾಡಿಸಬೇಕು, ಅಂದರೆ ಅದನ್ನು ಭಾರತದ ಲೈಸೆನ್ಸ್‌ಗೆ ಬದಲಿಸಿಕೊಳ್ಳಬೇಕು. ಅದಕ್ಕೆ ಡಿಜಿಸಿಎ ಪೇಪರ್, ಆರ್‌ಟಿಆರ್ (ರೇಡಿಯೊ ಬಳಸುವ ಲೈಸೆನ್ಸ್), ಮೆಡಿಕಲ್, ಸಾಮಾನ್ಯವಾಗಿ ಇಲ್ಲಿನ ಶಾಲೆಯಲ್ಲಿ ಮತ್ತೊಂದಿಷ್ಟು ಹಾರಾಟ ಮತ್ತು ಚೆಕ್. ಅಂದರೆ ಯಾವ ಕ್ಯೂ ತಪ್ಪಿಸಿಕೊಳ್ಳಲು ಹೋಗಿದ್ದಿರೋ ಅದೇ ಕ್ಯೂ. ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್‌ನಲ್ಲೂ ಒಂದು ಸಿಕ್ಕು ಇದೆ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತು ಕಲಿಸುತ್ತಿದ್ದರೂ ಕೆಲವು ಸಂದರ್ಭಗಳಲ್ಲಿ ಪಿಐಸಿ ಅಂತ ಬರೆದುಕೊಳ್ಳಲು ಅಮೆರಿಕದ ನಿಯಮ ಬಿಡುತ್ತದೆ. ನಮ್ಮವರು ಅದನ್ನು ಡ್ಯುಯಲ್, ಅಂದರೆ ಇನ್‌ಸ್ಟ್ರಕ್ಟರ್ ಜೊತೆಗಿನ ಹಾರಾಟ ಅಂತಲೇ ನೋಡುತ್ತಾರೆ. ಅಲ್ಲಿನ ಪಾರ್ಟ್ 141 ಶಾಲೆಯಲ್ಲಿ (ಸರ್ಕಾರ ಒಪ್ಪಿದ ಪಠ್ಯಕ್ರಮದ ಶಾಲೆ) 190 ಗಂಟೆಗೇ ಕಮರ್ಷಿಯಲ್ ಲೈಸೆನ್ಸ್ ಸಿಗಬಹುದು, ಇಲ್ಲಿ ಬೇಕಾದದ್ದು 200. ಹೋಗುವವರು ಮೊದಲ ದಿನದಿಂದಲೇ ಡಿಜಿಸಿಎ ಲೆಕ್ಕದ ಕಾಲಂ ಬೇರೆ ಇಟ್ಟುಕೊಳ್ಳಿ.

ಎಲ್ಲೇ ಕಲಿಯಿರಿ, ದುಡ್ಡು ಕಟ್ಟುವ ಮೊದಲು ಪೈಲಟ್‌ಗಳಿಗೆ ಮಾಡುವ ಆರೋಗ್ಯ ತಪಾಸಣೆ, ಅಂದರೆ ಕ್ಲಾಸ್ 2, ಆಮೇಲೆ ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1 ಮೆಡಿಕಲ್ ಮುಗಿಸಿ. ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟ ಮೇಲೆ ಬಣ್ಣ ಗುರುತಿಸುವ ದೋಷ ಇದೆ ಅಂತ ಗೊತ್ತಾದರೆ ಏನು ಮಾಡುತ್ತೀರಿ? (ಕನ್ನಡಕ ಇದ್ದರೆ ಪೈಲಟ್ ಆಗಲ್ಲ ಅನ್ನೋದು ಸುಮ್ನೆ ಮಾತು. ಕನ್ನಡಕ ಹಾಕಿ ದೃಷ್ಟಿ ಸರಿಯಾದರೆ ಆಯ್ತು.) ಆಮೇಲೆ ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್ ಪೇಪರ್‌ಗಳು. ಪಾಸಾಗಲು 70 ಪರ್ಸೆಂಟ್ ಬೇಕು. ಇವನ್ನು ಮುಗಿಸಿಯೇ ಫ್ಲೈಯಿಂಗ್‌ಗೆ ದುಡ್ಡು ಕಟ್ಟಿ. ಪೇಪರ್ ಓದುವಾಗಲೇ ಮಗುವಿಗೆ ನಿಜವಾಗಿ ಇದು ಬೇಕಾ, ಯೂನಿಫಾರ್ಮ್ ಮಾತ್ರ ಬೇಕಾ ಅಂತ ಗೊತ್ತಾಗುತ್ತದೆ.

ಕೆಲಸದ ಬಗ್ಗೆ ಎರಡು ಮಾತು. 2023ರಲ್ಲಿ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ಏರ್‌ಲೈನ್ ನಿಂತುಹೋಯಿತು. 2019ರಲ್ಲಿ ಜೆಟ್ ಏರ್‌ವೇಸ್ ನಿಂತಿತ್ತು, ಅದರ ಹಿಂದೆಯೇ ಕೋವಿಡ್. ಲೈಸೆನ್ಸ್ ಬಂದ ಮರುದಿನ ಕೆಲಸ ಸಿಗಲ್ಲ, ಟೈಪ್ ರೇಟಿಂಗ್‌ಗೆ (ಏರ್‌ಲೈನ್‌ನ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ತರಬೇತಿ) ಮತ್ತೆ ಲಕ್ಷಗಳು ಬೇಕು. ಆ ದುಡ್ಡನ್ನು ಎತ್ತಿಡದೆ ಎಲ್ಲವನ್ನೂ ಸಿಪಿಎಲ್‌ಗೇ ಸುರಿಯಬೇಡಿ.

2021ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿ ಹೊಸ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿ, ಕಲಬುರಗಿ ಎರಡೂ ಇವೆ. ಸೇರುವ ಮೊದಲು ಹೋಗಿ ನೋಡಿ. ಆಫೀಸಿನಲ್ಲಿ ಕೂರಬೇಡಿ, ಹೊರಗಡೆ ಚಹಾ ಕುಡಿಯುವ ವಿದ್ಯಾರ್ಥಿಗಳನ್ನು ಮಾತಾಡಿಸಿ. ವಿಮಾನ ಎಷ್ಟಿವೆ ಅಂತ ಕೇಳಬೇಡಿ, ಇವತ್ತು ಎಷ್ಟು ಹಾರುತ್ತಿವೆ ಅಂತ ಕೇಳಿ. ಕಳೆದ ಬ್ಯಾಚ್‌ನವರು ಯಾವ ತಿಂಗಳು ಸೇರಿದರು, ಯಾವ ತಿಂಗಳು 200 ಮುಗಿಸಿದರು ಅಂತ ಕೇಳಿ. ಪೂರ್ತಿ ಫೀಸ್ ಒಂದೇ ಸಲ ಕಟ್ಟಿ ಅಂದರೆ ಎದ್ದು ಬನ್ನಿ.

ಸದ್ಯ ಕಲಿಯುತ್ತಿರುವವರು ಯಾರಾದರೂ ಓದುತ್ತಿದ್ದರೆ ತಿಂಗಳಿಗೆ ಎಷ್ಟು ಗಂಟೆ ಸಿಗುತ್ತಿದೆ ಅಂತ ಕೆಳಗೆ ಬರೆಯಿರಿ. ಶಾಲೆಯ ಹೆಸರು ಹಾಕಬೇಡಿ, ನಿಮ್ಮ ಸಾರ್ಟಿಗಳು ಇನ್ನೂ ಬಾಕಿ ಇರುತ್ತವೆ.