ಮೂರು ಬೀಗದ ಕಟ್ಟೆ

ಜಯನಗರದಲ್ಲಿ ನಾವು ಬಾಡಿಗೆಗೆ ಹಿಡಿದ ಮಳಿಗೆ ಮೊದಲು ಹಿಟ್ಟಿನ ಗಿರಣಿಯಾಗಿತ್ತು. ಎರಡು ಕೋಟ್ ಪೇಂಟ್ ಹೊಡೆಸಿದ ಮೇಲೂ ಗೋಡೆಯ ಸಂದಿಯಿಂದ ರಾಗಿ ಹಿಟ್ಟು ಉದುರುತ್ತಲೇ ಇತ್ತು. ನನ್ನ ಭಾವಮೈದುನನಿಗೆ ಮಾತ್ರ ಒಳಗೆ ಕಾಲಿಟ್ಟ ತಕ್ಷಣ ಜಾಗ ಹಿಡಿಸಿಬಿಟ್ಟಿತು. "ಭಾವ, ತ್ರೀ ಫೇಸ್ ಲೈನ್ ಇದೆ! ಮುಂದೆ ಬಿಟ್‌ಕಾಯಿನ್ ಮೈನಿಂಗ್ ಮೆಷಿನ್ ಕೂಡ ಇಡಬಹುದು!"

ಮಹಡಿ ಮೆಟ್ಟಿಲ ಮೇಲೆ ನಿಂತಿದ್ದ ಓನರ್ ಅಮ್ಮನ ಕಿವಿಗೆ ಬಿದ್ದದ್ದು ಮೈನಿಂಗ್ ಒಂದೇ. "ಬಳ್ಳಾರಿಯವರಾ?" ಅಂದರು.

ಅಲ್ಲ ಎಂದು ವಿವರಿಸಲು ಹೋದೆ. ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ ವ್ಯವಹಾರ ಮಾಡುವವರು ಇಡೀ ದಿನ ಟೆಲಿಗ್ರಾಮ್ ಗ್ರೂಪಿನಲ್ಲೇ ಇರುತ್ತಾರೆ, ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ, ಕೂತು ಕಾಫಿ ಕುಡಿದು ಮಾತಾಡಲು ಒಂದು ಜಾಗ ಬೇಕು, ತಿಂಗಳಿಗಿಷ್ಟು ಎಂದು ಸದಸ್ಯತ್ವ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಹಳೇ ಏರ್‌ಪೋರ್ಟ್ ರೋಡಿನ ಮಾಲ್‌ನಲ್ಲಿ ಯಾರೋ ಇದರದ್ದೇ ಎಟಿಎಂ ಇಟ್ಟು ಪೊಲೀಸರು ಹಿಡ್ಕೊಂಡು ಹೋದರಲ್ಲ, ಅದೇನಾ?" 2018ರ ಅಕ್ಟೋಬರ್‌ನ ಸುದ್ದಿ. ಪೇಪರ್ ಓದುವ ಓನರ್‌ಗಳ ಕಷ್ಟವೇ ಇದು.

"ಅದೆಲ್ಲ ಹಳೇದು ಅಮ್ಮ. ರಿಸರ್ವ್ ಬ್ಯಾಂಕ್ ಹಾಕಿದ್ದ ನಿರ್ಬಂಧಾನ 2020ರಲ್ಲೇ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ."

"ಓ, ಕೋರ್ಟಿಗೂ ಹೋಗಿ ಬಂದಾಯ್ತಾ?"

ಅಡ್ವಾನ್ಸ್ ಹತ್ತು ತಿಂಗಳಿನದು ಎಂದು ಅಲ್ಲೇ ತೀರ್ಮಾನವಾಯಿತು.

ಪಾಲುದಾರರು ಮೂವರು. ನಾನು, ಭಾವಮೈದುನ, ಮತ್ತು ಹಾಸ್ಟೆಲ್ ಕಾಲದಿಂದ 'ಬೆಣ್ಣೆ' ಎಂದೇ ಕರೆಸಿಕೊಳ್ಳುವ ದಾವಣಗೆರೆಯ ಗೆಳೆಯ. ಯೋಚನೆ ಹುಟ್ಟಿದ್ದು 2021ರ ನವೆಂಬರ್‌ನಲ್ಲಿ, ಒಂದು ಬಿಟ್‌ಕಾಯಿನ್ 69,000 ಡಾಲರ್ ಹತ್ತಿರ ಹೋದಾಗ. ಆ ಬೆಲೆಯಲ್ಲಿ ಯಾರಿಗೆ ಬೇಕಾದರೂ ಯೋಚನೆ ಹುಟ್ಟುತ್ತದೆ. ನಾವು ಹೆಸರು, ಲೋಗೋ, ಪಾಲು ಎಂದು ಜಗಳವಾಡುತ್ತಿರುವಾಗ ಬಜೆಟ್ ಬಂತು. ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ. ಒಂದರಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮೇ ತಿಂಗಳಲ್ಲಿ ಲೂನಾ ಎಂಬ ಕ್ರಿಪ್ಟೋ ನಾಣ್ಯ ನೆಲಕಚ್ಚಿತು. ಜುಲೈನಲ್ಲಿ ಶೇ 1 ಟಿಡಿಎಸ್ ಬಂತು. ಬುದ್ಧಿ ಇದ್ದವರು ಅಲ್ಲಿಗೇ ಬಿಡುತ್ತಿದ್ದರು. ಆದರೆ ಅಡ್ವಾನ್ಸ್ ಕೊಟ್ಟಾಗಿತ್ತಲ್ಲ.

ಹೆಸರಿಗೆ ಮೊದಲು 'ಅಡ್ಡಾ' ಅಂದುಕೊಂಡಿದ್ದೆವು. ಇಸ್ಪೀಟ್ ಅಡ್ಡೆ ಅನ್ನಿಸುತ್ತದೆ ಎಂದು ಓನರ್ ಅಮ್ಮ ತಳ್ಳಿಹಾಕಿದರು. ಕೊನೆಗೆ ಕ್ರಿಪ್ಟೋ ಲೆಕ್ಕವೆಲ್ಲ ಬರೆದಿಡುವ ಬ್ಲಾಕ್‌ಚೈನ್ ಜೊತೆಗೆ ಊರ ಅರಳಿಕಟ್ಟೆ ನೆನೆಸಿಕೊಂಡು 'ಬ್ಲಾಕ್‌ಚೈನ್ ಕಟ್ಟೆ' ಎಂದಾಯಿತು. ಪೇಂಟರ್ ಗಿರಣಿಯ ಹಳೇ ಬೋರ್ಡನ್ನೇ ಉಜ್ಜಿ ಬರೆದ. 'ಬ್ಲಾಕ್' ಎಂದು ಮೂರಡಿ ಬರೆಯುವಷ್ಟರಲ್ಲಿ ಜಾಗ ಮುಗಿದು, 'ಚೈನ್ ಕಟ್ಟೆ' ಕೆಳಗೆ ಇರುವೆ ಸಾಲಿನ ಹಾಗೆ ಕೂತಿತು. ಅದರ ಕೆಳಗೆ ನನ್ನ ಮೊಬೈಲ್ ನಂಬರು. ಮರುದಿನ ಬೆಳಗ್ಗೆ ಏಳಕ್ಕೆ ಮೊದಲ ಫೋನು. "ಸಾರ್, ಆರಿಂಚ್ ಬ್ಲಾಕ್ ಏನ್ ರೇಟು? ಸೈಟಿಗೆ ಡೆಲಿವರಿ ಕೊಡ್ತೀರಾ?"

ಇನ್ನು ಬೀಗದ ವಿಷಯ. ನಮ್ಮ ಜಂಟಿ ಹಣ ಇದ್ದದ್ದು ಮಲ್ಟಿಸಿಗ್ ವಾಲೆಟ್‌ನಲ್ಲಿ. ಮೂವರಲ್ಲಿ ಇಬ್ಬರಾದರೂ ಸಹಿ ಹಾಕದೆ ಚಿಲ್ಲರೆಯೂ ಹೊರಗೆ ಬರದು. ಶೋಕಿಗೆ ಒಮ್ಮೆ ಅರ್ಧ ಲೀಟರ್ ನಂದಿನಿ ಹಾಲಿನ ದುಡ್ಡನ್ನು ಅದರಿಂದಲೇ ತೆಗೆದೆವು. ಹಾಲಿಗೆ ಇಪ್ಪತ್ತು ರೂಪಾಯಿ, ಆ ವಾಲೆಟ್ ನಡೆಯುವ ಇಥೀರಿಯಂ ಜಾಲಕ್ಕೆ ವಹಿವಾಟಿನ ಶುಲ್ಕವೆಂದು ಕಟ್ಟಿದ 'ಗ್ಯಾಸ್ ಫೀ' ನೂರು ದಾಟಿತು. "ಗ್ಯಾಸಿಗೇ ಎಲ್ಲ ಹೋಯ್ತಲ್ಲೋ" ಎಂದು ನಾನು ಗೊಣಗಿದ್ದು ಕೇಳಿಸಿ ಓನರ್ ಅಮ್ಮ ಮೇಲಿನಿಂದ, "ಸಿಲಿಂಡರ್ ಖಾಲಿಯಾದರೆ ಹೇಳಿ, ಹಾಲು ನಾನೇ ಕಾಯಿಸಿಕೊಡ್ತೀನಿ" ಅಂದರು.

ಷಟರಿಗೂ ಅದೇ ಪದ್ಧತಿ ಬೇಕೆಂದು ಭಾವಮೈದುನ ಹಟ ಹಿಡಿದ. "ನಂಬಿಕೆ ಮೇಲೆ ನಡೆಯೋದೆಲ್ಲ ಒಂದಿನ ಕೈಕೊಡತ್ತೆ ಭಾವ." ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಬೀಗ ಬಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೀ, ಡೂಪ್ಲಿಕೇಟ್ ಇಲ್ಲ. ವಾಲೆಟ್ಟಿಗಾದರೆ ಮೂವರಲ್ಲಿ ಇಬ್ಬರು ಸಾಕು. ಷಟರಿಗೆ ಆ ಗಣಿತ ಗೊತ್ತಿಲ್ಲ, ಮೂವರೂ ಬರಬೇಕು.

ಉದ್ಘಾಟನೆ 2022ರ ನವೆಂಬರ್ 11ರ ಶುಕ್ರವಾರ ಸಂಜೆ ಆರಕ್ಕೆ. ಕನಕ ಜಯಂತಿ, ರಜೆ ಇರುತ್ತದೆ ಎಂದು ನಾನೇ ಆರಿಸಿದ ದಿನ. ಪ್ರಧಾನಿ ಅಂದೇ ಕೆಂಪೇಗೌಡರ ಪ್ರತಿಮೆ ಅನಾವರಣಕ್ಕೆ ಬೆಂಗಳೂರಿಗೆ ಬರುತ್ತಾರೆಂದು ನನಗೇನು ಗೊತ್ತು? ಹೆಂಡತಿಯನ್ನು ಕರೆತರಲು ಹಿಂದಿನ ದಿನ ಊರಿಗೆ ಹೋಗಿದ್ದ ಬೆಣ್ಣೆ, ನಡುಬೀಗದ ಕೀ ಜೇಬಲ್ಲಿಟ್ಟುಕೊಂಡು ಕಾರಿನಲ್ಲಿ ವಾಪಸ್ ಬರುತ್ತಿದ್ದ. ಐದೂವರೆಗೆ ಫೋನ್ ಮಾಡಿದರೆ, "ಬಂದ್ನಲೇ, ನೆಲಮಂಗಲ ಟೋಲಲ್ಲಿದೀನಿ." ಆರೂವರೆಗೂ ಟೋಲು. ಏಳಕ್ಕೂ ಟೋಲು. ಅಷ್ಟು ಹೊತ್ತಿನಲ್ಲಿ ಅಲ್ಲೊಂದು ಸೈಟ್ ತಗೊಂಡು ಮನೆ ಕಟ್ಟಬಹುದಿತ್ತು. ಬ್ಲಾಕ್ ಕೇಳುವವರ ನಂಬರುಗಳೂ ನನ್ನ ಹತ್ತಿರ ಇದ್ದವು.

ಇತ್ತ ಹದಿನಾಲ್ಕು ಜನ ಫುಟ್‌ಪಾತಿನಲ್ಲಿ. ಷಟರ್ ಪಕ್ಕದಲ್ಲಿ ಗಿರಣಿಯವನು ದುಡ್ಡು ಇಸಿದುಕೊಳ್ಳುತ್ತಿದ್ದ ಒಂದು ಕಿಂಡಿ ಇತ್ತು. ಬಂದವರೆಲ್ಲ ಸರದಿಯಲ್ಲಿ ನಿಂತು, ಮೊಬೈಲ್ ಟಾರ್ಚ್ ಬಿಟ್ಟು, ಅದರಲ್ಲಿ ಇಣುಕಿ ಒಳಗಿನ ಬೀನ್ ಬ್ಯಾಗ್, ಪ್ರೊಜೆಕ್ಟರುಗಳ ದರ್ಶನ ಪಡೆದರು. ಕನಕನಿಗಾದರೆ ಒಳಗಿದ್ದವನು ತಾನಾಗಿ ಈ ಕಡೆ ತಿರುಗಿದ. ನಮ್ಮ ಬೀನ್ ಬ್ಯಾಗುಗಳು ಅಲುಗಲಿಲ್ಲ.

ಅಪರಿಚಿತರು ಬರುವ ಜಾಗ, ಹೆಸರು ಬರೆಸಿಕೊಳ್ಳಲೇಬೇಕು ಎಂದು ಓನರ್ ಅಮ್ಮ ಕರಾರು ಹಾಕಿದ್ದರು. ಜಗಲಿಯ ಮೇಲೆ ರಿಜಿಸ್ಟರ್ ಇಟ್ಟೆವು. ಆದರೆ ಈ ಮಂದಿ ನಿಜ ಹೆಸರು ಹೇಳುವವರೇ? ಐದು ಜನ ಬಿಟ್‌ಕಾಯಿನ್ ಹುಟ್ಟುಹಾಕಿದವನ ಹೆಸರಿನಲ್ಲಿ 'ಸತೋಷಿ' ಎಂದು ಗೀಚಿದರು. ಓನರ್ ಅಮ್ಮ ಕನ್ನಡಕ ಏರಿಸಿ ಪುಸ್ತಕ ನೋಡಿದವರೇ ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಸ್ಟೀಲ್ ತಟ್ಟೆ, ಅದರ ತುಂಬ ಹುರಿಗಡಲೆ, ಬೆಲ್ಲ. "ಐದು ಜನ ಸಂತೋಷಿ ಅಂತ ಬರೆದಿದ್ದಾರೆ. ಶುಕ್ರವಾರ ಬೇರೆ. ಮೊದಲೇ ಹೇಳಿದ್ದರೆ ವ್ರತದ ಪ್ರಸಾದ ಸರಿಯಾಗೇ ಮಾಡ್ತಿದ್ದೆ. ಹುಳಿ ಮುಟ್ಟಬೇಡ್ರಪ್ಪ ಯಾರೂ."

ಏಳೂ ಮುಕ್ಕಾಲಿರಬಹುದು, ಎಲ್ಲರ ಜೇಬೂ ಒಟ್ಟಿಗೆ ಗುಂಯ್ ಅಂದವು. ವಾರದಿಂದ ಉಸಿರು ಹಿಡಿದಿದ್ದ ಕ್ರಿಪ್ಟೋ ವಿನಿಮಯ ಕೇಂದ್ರ ಎಫ್‌ಟಿಎಕ್ಸ್ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಯಾರೂ ಮಾತಾಡಲಿಲ್ಲ. ಬೀದಿದೀಪದ ಕೆಳಗೆ ನಿಂತಿದ್ದ ಹುಡುಗನೊಬ್ಬ ಹೆಬ್ಬೆರಳಿನಿಂದ ಸ್ಕ್ರೀನನ್ನು ಮೇಲೆ ಕೆಳಗೆ ಎರಡು ಸಲ ಎಳೆದ. ಆಮೇಲೆ ಫೋನನ್ನು ಜಗಲಿಯ ಮೇಲೆ ಮಗುಚಿ ಇಟ್ಟು, ಬೆಲ್ಲದ ದೊಡ್ಡ ಉಂಡೆಯನ್ನೇ ಹುಡುಕಿ ಬಾಯಿಗೆ ಹಾಕಿಕೊಂಡ. "ನಿಮ್ಮದೂ ಇತ್ತಾ ಅದರಲ್ಲಿ?" ಎಂದು ಪಕ್ಕದವರು ಕೇಳಿದರು. ಅವನು ತಲೆಯಾಡಿಸಿದ. "ನಿಜವಾದ ಹೆಸರೇನಪ್ಪ ನಿಂದು?" ಎಂದು ಇನ್ನೊಬ್ಬರು. ಹೇಳಿದ. ಆಮೇಲೆ ಒಬ್ಬೊಬ್ಬರೇ ಹೇಳಿದರು. ನೆಟ್‌ವರ್ಕಿಂಗ್ ಎಂದು ನಾನು ಬ್ರೋಷರಿನಲ್ಲಿ ನಾಲ್ಕು ಕಡೆ ಬರೆದಿದ್ದೆ. ಅದು ನಡೆದದ್ದು ಅಲ್ಲೇ, ಚರಂಡಿ ಚಪ್ಪಡಿಯ ಮೇಲೆ.

ಬೆಣ್ಣೆ ತಲುಪಿದಾಗ ಒಂಬತ್ತು. ಮೂರು ಬೀಗ ತೆಗೆದು ಷಟರ್ ಎತ್ತಿದರೆ ಒಳಗೆ ಬರಲು ಉಳಿದದ್ದು ಒಬ್ಬರೇ. ಸಂಜೆಯಿಂದಲೂ ಆ ಗುಂಪಿನ ನಡುವೆ ಕಡಲೆ ತಿನ್ನುತ್ತ ಕೂತಿದ್ದ ತಾತ, ಮಡಿಲಲ್ಲಿ ತಗಡಿನ ಡಬ್ಬ. "ಅಂತೂ ತೆಗೆದ್ರಾ? ನಾಲ್ಕು ಸೇರು ರಾಗಿ ಇದೆ. ನುಣ್ಣಗಿರಲಿ."

ಹನ್ನೊಂದು ತಿಂಗಳು ನಡೆಸಿದೆವು. ಬಿಟ್ಟಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆಂದು ಮುರಿದುಕೊಂಡರು, ಅದು ಬೆಂಗಳೂರಿನ ಧರ್ಮ. ಅಲ್ಲೀಗ ಮತ್ತೆ ಗಿರಣಿ ಬಂದಿದೆ. ಹಳೇ ಬೋರ್ಡನ್ನು ಇನ್ನೂ ಇಳಿಸಿಲ್ಲ. ಹಾಗಾಗಿ ಫೋನ್ ಬರುವುದು ನಿಂತಿಲ್ಲ. ಮೊದಮೊದಲು ರಾಂಗ್ ನಂಬರ್ ಎನ್ನುತ್ತಿದ್ದೆ. ಆಮೇಲೆ ಕನಕಪುರ ರಸ್ತೆಯ ಸಾಲಿಡ್ ಬ್ಲಾಕ್ ಫ್ಯಾಕ್ಟರಿಯವರೊಬ್ಬರ ಪರಿಚಯ ಮಾಡಿಕೊಂಡೆ, ಲೋಡಿಗೆ ಇನ್ನೂರು ರೂಪಾಯಿ ಕಮಿಷನ್. ನಿನ್ನೆ ಎರಡು ಲೋಡ್ ಹೋಯಿತು. ಭಾವಮೈದುನನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅದಕ್ಕೂ ಮೂರು ಸಹಿ ಕೇಳುತ್ತಾನೆ.