ಬಾತುಕೋಳಿ ಬಾಲ ಇದ್ದದ್ದೆಲ್ಲ ರೇಸ್ ಕಾರಲ್ಲ ಮಾರಾಯ್ರೆ

ಮೊನ್ನೆ ಕಾಸರಗೋಡು ಕಡೆಯ ನೀರ್ಚಾಲಿನ ಅಕ್ಕನ ಮನೆಯಲ್ಲಿ ಅಡಿಕೆ ಸುಲಿದಾಗಿ ಹೆಕ್ಕುವ ಕೆಲಸ ನಡೀತಿತ್ತು. ಅಕ್ಕನ ಮಗ, ಮಂಗಳೂರಲ್ಲಿ ಇಂಜಿನಿಯರಿಂಗ್ ಓದುವವ, ಕೈಗಿಂತ ಜಾಸ್ತಿ ಮೊಬೈಲಿಗೇ ಕೆಲಸ ಕೊಡ್ತಿದ್ದ. ಯಾರೋ ಹಾಕಿದ ಒಂದು ಫೋಟೋ ತಂದು ನನ್ನ ಮುಖಕ್ಕೆ ಹಿಡಿದ. ಬಿಳಿ ಬಣ್ಣದ ಹಳೇ ಪೋರ್ಷೆ 911. ಬಾಗಿಲ ಕೆಳಗೆ ನೀಲಿ ಅಕ್ಷರದಲ್ಲಿ 'ಕರೇರಾ', ಹಿಂದೆ ಬಾತುಕೋಳಿ ಬಾಲದ ಹಾಗೆ ಮೇಲಕ್ಕೆದ್ದ ಸ್ಪಾಯ್ಲರ್. "ಮಾವ, ಇದು ಒರಿಜಿನಲ್ ರೇಸ್ ಕಾರು, ನೋಡಿ" ಅಂದ.

ಒಳಗಿನ ಫೋಟೋ ಉಂಟಾ ಕೇಳಿದೆ. ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಗಡಿಯಾರ, ಗ್ಲೋವ್ ಬಾಕ್ಸಿಗೆ ಮುಚ್ಚಳ, ಹಿಂದೆ ಪುಟ್ಟ ಸೀಟು. "ಅಲ್ಲ, ಇದು ಟೂರಿಂಗ್, ರಸ್ತೆಯಲ್ಲಿ ಸುಖವಾಗಿ ಓಡಿಸಲಿಕ್ಕೆ ಮಾಡಿದ್ದು" ಅಂದೆ. "ಹೋ, ಹಾಗಾದ್ರೆ ಡೂಪ್ಲಿಕೇಟಾ" ಅಂತ ಮುಂದಿನ ಫೋಟೋಕ್ಕೆ ಹೋಗಿಯೇ ಬಿಟ್ಟ.

ಆ ಒಂದು ಮಾತಿಗೇ ಇಷ್ಟುದ್ದ ಬರೀತಿದ್ದೇನೆ. ಹನ್ನೊಂದು ವರ್ಷ ಶಾರ್ಜಾದ ಗ್ಯಾರೇಜಲ್ಲಿ ಹಳೇ ಕಾರುಗಳ ಡೆಂಟಿಂಗ್, ಪೇಂಟಿಂಗ್ ಮಾಡಿ ಬಂದವ ನಾನು. ಓದಿದ್ದು ಹತ್ತನೇ ಕ್ಲಾಸು. ಆದರೆ ಈ ಒಂದು ಕಾರಿನ ವಿಷಯದಲ್ಲಿ ನನ್ನ ಕೈಗೆ, ಕಣ್ಣಿಗೆ ಗೊತ್ತಿದ್ದದ್ದು ಸ್ವಲ್ಪ ಉಂಟು.

ಕಾರಿನ ಪೂರ್ತಿ ಹೆಸರು ಪೋರ್ಷೆ 911 ಕರೇರಾ ಆರ್‌ಎಸ್ 2.7. ಅದು ಹುಟ್ಟಿದ್ದೇ ಒಂದು ನಿಯಮದಿಂದ. ಪೋರ್ಷೆಯ 917 ಎಂಬ ರಾಕ್ಷಸ 1970ರಲ್ಲೂ 1971ರಲ್ಲೂ ಫ್ರಾನ್ಸಿನ 24 ಗಂಟೆಯ ಓಟ ಲೆ ಮಾನ್ ಗೆದ್ದಿತ್ತು. 1972ಕ್ಕೆ ಎಂಜಿನ್ 3 ಲೀಟರ್ ದಾಟಬಾರದು ಅಂತಾಯಿತು, 917ಕ್ಕೆ ಆ ಬಾಗಿಲು ಮುಚ್ಚಿತು. ಇನ್ನು ರಸ್ತೆಯ 911ನ್ನೇ ತಯಾರು ಮಾಡಿ ಓಡಿಸುವ ಅಂತ ಹೊರಟರೆ ರೇಸಿನ ಗ್ರೂಪ್ 4 ಎಂಬ ವರ್ಗದ ನಿಯಮ ಅಡ್ಡ ಬಂತು. ಅಂಥ ಕಾರು ಕನಿಷ್ಠ 500 ತಯಾರಾಗಬೇಕು. 500 ಜನ ಇದನ್ನು ತಗೊಳ್ತಾರಾ ಅಂತ ಕಂಪೆನಿಯ ಮಾರಾಟದವರಿಗೇ ನಂಬಿಕೆ ಇರಲಿಲ್ಲ. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರ್ ಶೋದಲ್ಲಿ ಇಟ್ಟರು. ನವೆಂಬರ್ ಮುಗಿಯುವಾಗ ಐನೂರೂ ಖಾಲಿ. ಮರುವರ್ಷದ ಜುಲೈವರೆಗೆ ಮಾಡಿದ್ದು ಒಟ್ಟು 1580.

ಈಗ ನಮ್ಮ ಹುಡುಗ ಕೇಳಬೇಕಾದ ಲೆಕ್ಕ. ಆ 1580ರಲ್ಲಿ 1308 ಟೂರಿಂಗ್, 200 ತೂಕ ಇಳಿಸಿದ ಸ್ಪೋರ್ಟ್, 55 ಪಕ್ಕಾ ರೇಸಿನ ಆರ್‌ಎಸ್‌ಆರ್, 17 ಬರೀ ಮೈಯ ಆರ್‌ಎಸ್‌ಎಚ್. ಹಾಗಾದರೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು 'ಡೂಪ್ಲಿಕೇಟ್' ಅಂತಾಯಿತಲ್ಲ! ಹಾಗಲ್ಲ ಮಾರಾಯ, ಈ ಟೂರಿಂಗ್ ಕೊಂಡ ಜನ ಇಲ್ಲದಿದ್ದರೆ 500 ತುಂಬುತ್ತಿರಲಿಲ್ಲ, 500 ತುಂಬದಿದ್ದರೆ ನಿನ್ನ ರೇಸ್ ಕಾರಿಗೆ ಟ್ರ್ಯಾಕಿನ ಗೇಟು ತೆಗೆಯುತ್ತಿರಲಿಲ್ಲ.

ಇದರಲ್ಲಿ ನನಗೆ ತುಂಬ ಇಷ್ಟದ ತಮಾಷೆ ಒಂದುಂಟು. ನಿಯಮಕ್ಕೆ ತೂಕ ಕಡಿಮೆ ಇರಬೇಕಿತ್ತು. ಅದಕ್ಕೆ ಕಾರನ್ನು ಮೊದಲು ಬರೀ ಮೈಯಲ್ಲಿ ತಯಾರಿಸಿ, ತಕ್ಕಡಿಗೆ ಹತ್ತಿಸಿ, ಪಾಸು ಮಾಡಿಸಿ, ಆಮೇಲೆ ವಾಪಸ್ ಒಳಗೆ ತಂದು ಕಾರ್ಪೆಟ್, ಸೀಟು ಎಲ್ಲ ಹಾಕಿ ಗಿರಾಕಿಗೆ ಕೊಟ್ಟರು. ತೂಗುವಾಗ ಒಂದು, ಕೊಡುವಾಗ ಒಂದು. ನಮ್ಮ ಪೇಟೆಯ ಅಂಗಡಿಯವರಿಗೆ ಇದು ಮೊದಲೇ ಗೊತ್ತಿದ್ದ ವಿದ್ಯೆ, ಜರ್ಮನಿಯವರು ಕಾನೂನು ನೋಡಿಕೊಂಡು ಮಾಡಿದರು ಅಷ್ಟೆ.

ಸರಿ, ಗುರುತು ಹಿಡಿಯುವುದು ಹೇಗೆ? ಹೊರಗಿನಿಂದ ನೋಡಿದರೆ ಟೂರಿಂಗೂ ಸ್ಪೋರ್ಟೂ ಅವಳಿ ಮಕ್ಕಳ ಹಾಗೆ. ಬಾಲ ಎರಡಕ್ಕೂ ಉಂಟು, ಹಿಂದೆ ಒಟ್ಟು 42 ಮಿ.ಮೀ. ಅಗಲ ಮಾಡಿದ ಮೈ ಎರಡಕ್ಕೂ ಉಂಟು. ಚಕ್ರ ಮುಂದೆ 6 ಇಂಚು, ಹಿಂದೆ 7. ಎಂಜಿನ್ ಅದೇ 2687 ಸಿಸಿ, 210 ಕುದುರೆ ಶಕ್ತಿ. 'ಕರೇರಾ' ಅಕ್ಷರ ಬಿಡಿ, ಅದು ಸ್ಟಿಕ್ಕರ್, ದುಡ್ಡು ಕೊಟ್ಟರೆ ನಿಮ್ಮ ಆಟೋರಿಕ್ಷಾಕ್ಕೂ ಅಂಟಿಸಬಹುದು. ಬೋರ್ಡು ನೋಡಿ ಊರು ತೀರ್ಮಾನ ಮಾಡಬಾರದು ಅಂತ ಕಾಸರಗೋಡಿನವರಿಗೆ ಹೇಳಿಕೊಡಬೇಕಾ? ಮಂಜೇಶ್ವರಕ್ಕೆ ಕೊನೆಯಲ್ಲಿ ಒಂದು 'ಅಂ' ಸೇರಿಸಿ ಮಲಯಾಳದ ಹಾಗೆ ಬರೆದರೂ ಬಸ್ಸಿಳಿದಾಗ ಸಿಗುವುದು ಅದೇ ಊರು.

ಹಾಗಾಗಿ ಇದ್ದದ್ದನ್ನು ನೋಡಬೇಡಿ, ಇಲ್ಲದ್ದನ್ನು ಹುಡುಕಿ. ಸ್ಪೋರ್ಟಿನಲ್ಲಿ ಗಡಿಯಾರ ಇಲ್ಲ. ಗ್ಲೋವ್ ಬಾಕ್ಸ್ ಮುಚ್ಚಳ ಇಲ್ಲ. ಹಿಂದಿನ ಸೀಟಿಲ್ಲ. ಪಕ್ಕದಲ್ಲಿ ಕೂತವನಿಗೆ ಬಿಸಿಲು ತಡೆಯುವ ಫಲಕವೂ ಇಲ್ಲ, ಪಾಪ. ಬಾಗಿಲು ಎಳೆಯಲಿಕ್ಕೆ ಒಂದು ಪಟ್ಟಿ, ಅಷ್ಟೆ. ಮುಂದಿನ ಬಾನೆಟ್ಟಿನ ಲಾಂಛನ ಕೂಡ ಲೋಹದ್ದಲ್ಲ, ಅಂಟಿಸಿದ ಚಿತ್ರ. ಕಿಟಕಿ ಗಾಜು ತೆಳು. ಹೀಗೆ ಚೂರು ಚೂರು ಉಳಿಸಿ ತೂಕ 960 ಕಿಲೋಕ್ಕೆ ಇಳಿಯಿತು, ಟೂರಿಂಗ್ 1075. ನೂರು ಕಿ.ಮೀ. ವೇಗ ಮುಟ್ಟಲಿಕ್ಕೆ ಸ್ಪೋರ್ಟಿಗೆ 5.8 ಸೆಕೆಂಡು, ಟೂರಿಂಗಿಗೆ 6.3. ಅರ್ಧ ಸೆಕೆಂಡಿಗಾಗಿ ಗಡಿಯಾರವನ್ನೇ ಬಿಸಾಡಿದವರು! ನನಗಂತೂ ಗಡಿಯಾರ ಇರುವುದೇ ಚಂದ.

ಆರ್‌ಎಸ್‌ಆರ್ ಬೇರೆಯೇ ಜಾತಿ, ಅದನ್ನು ದೂರದಿಂದಲೇ ಹೇಳಬಹುದು. ಚಕ್ರ ಮುಂದೆ 9 ಇಂಚು, ಹಿಂದೆ 11, ಅದನ್ನು ಮುಚ್ಚಲಿಕ್ಕೆ ತೊಡೆ ಉಬ್ಬಿದ ಹಾಗೆ ಮಡ್ಗಾರ್ಡು. ಎಂಜಿನ್ 2.8 ಲೀಟರ್, 300ರಷ್ಟು ಕುದುರೆ ಶಕ್ತಿ, ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್. ಬ್ರೇಕು 917ರ ಮನೆಯಿಂದ ಬಂದದ್ದು. 1973ರಲ್ಲಿ ಡೇಟೋನಾದ 24 ಗಂಟೆಯ ಓಟವನ್ನು ಪೀಟರ್ ಗ್ರೆಗ್, ಹರ್ಲಿ ಹೇವುಡ್ ಗೆದ್ದದ್ದು ಇದರಲ್ಲೇ. ಅದೇ ವರ್ಷ ಸಿಸಿಲಿಯ ಬೆಟ್ಟದ ರಸ್ತೆಗಳ ಟಾರ್ಗಾ ಫ್ಲೋರಿಯೋ ಕೂಡ ಇದರ ಪಾಲಾಯಿತು.

ದೂರದಿಂದ ಹೇಳಬಹುದು ಅಂದೆನಲ್ಲ, ಅದೇ ಕಾರಣಕ್ಕೆ ಮೋಸ ಹೋಗುವುದೂ ಸುಲಭ. ಶಾರ್ಜಾದಲ್ಲಿ ಒಂದು ಬೆಳಿಗ್ಗೆ ಟ್ರೈಲರಿನಲ್ಲಿ ಕಿತ್ತಳೆ ಬಣ್ಣದ ಕಾರೊಂದು ಇಳಿಯಿತು. ಉಬ್ಬಿದ ಮಡ್ಗಾರ್ಡು, ಅಗಲ ಚಕ್ರ, ಬಾಲ. ಆರ್‌ಎಸ್‌ಆರ್ ಅಂತಲೇ ದೊಡ್ಡ ದುಡ್ಡು ಕೊಟ್ಟು ಯಾರೋ ಏಜೆಂಟಿನ ಮೂಲಕ ತರಿಸಿದ್ದು. ಮಾಲಿಕನಿಗೆ ಬಣ್ಣ ಹೊಸತು ಆಗಬೇಕಿತ್ತು, ಅಷ್ಟೆ. ನಾವೆಲ್ಲ ಸುತ್ತ ನಿಂತು ಸೆಲ್ಫಿ ತೆಗೆದೆವು, ಸುಳ್ಳು ಯಾಕೆ ಹೇಳುವುದು.

ನಮ್ಮ ಫೋರ್‌ಮನ್ ಕಣ್ಣೂರಿನವರು, ಮಾತು ಕಮ್ಮಿ. ಕಿಸೆಯಲ್ಲಿ ಸದಾ ಒಂದು ಅಯಸ್ಕಾಂತ. ಹಿಂದಿನ ಬಾಲಕ್ಕೆ ಇಟ್ಟರು, ಬಿತ್ತು. ಅದು ಸರಿಯೇ, ಬಾಲ ಫೈಬರಿನದು. ಮಡ್ಗಾರ್ಡಿಗೆ ಇಟ್ಟರು, ಅಲ್ಲೂ ಬಿತ್ತು. ಬಗ್ಗಿ ಒಳಗೆ ಬೆರಳು ಹಾಕಿ ಸವರಿದರು. ಹಳೇ ಮಡ್ಗಾರ್ಡನ್ನು ಕತ್ತರಿಸಿ, ಮೇಲಿಂದ ಫೈಬರ್ ಉಬ್ಬು ಕೂರಿಸಿ ಪುಟ್ಟಿ ಬಳಿದ ಗೆರೆ ಕೈಗೆ ಸಿಕ್ಕಿತು. ಎಂಜಿನ್ ತೆರೆದರೆ ಪ್ಲಗ್ ವೈರ್ ಆರೇ. ಹನ್ನೆರಡು ಇರಬೇಕಿತ್ತು. ಕೊನೆಗೆ ಮುಂದಿನ ಡಿಕ್ಕಿಯ (ಈ ಕಾರಿಗೆ ಎಂಜಿನ್ ಹಿಂದೆ, ಡಿಕ್ಕಿ ಮುಂದೆ) ಕಾರ್ಪೆಟ್ ಎತ್ತಿ, ಬಣ್ಣ ಕೆರೆದು ನಂಬರ್ ಓದಿದರು. ಆ ಕಾಲದ 911ರ ಚಾಸಿ ನಂಬರಿಗೆ ಹತ್ತು ಅಂಕಿ. ಮೊದಲ ಮೂರು 911, ನಾಲ್ಕನೆಯ 3 ಅಂದರೆ 1973ರ ಮಾಡೆಲ್, ಐದನೆಯದ್ದೇ ಜಾತಕ. ಆರ್‌ಎಸ್ ಆದರೆ ಅಲ್ಲಿ 6 ಇರಬೇಕು. ಇದರಲ್ಲಿ 1 ಇತ್ತು. ಎಲ್ಲಕ್ಕಿಂತ ಅಗ್ಗದ 911 ಟಿ!

ಮಾಲಿಕನಿಗೆ ಫೋನ್ ಮಾಡಿ ಹೇಳುವ ಕೆಲಸ ನನ್ನ ತಲೆಗೆ ಬಂತು, ನನಗೆ ಅರಬ್ಬಿ ಸ್ವಲ್ಪ ಬರ್ತದೆ ಅಂತ. ಆ ಕಡೆಯಿಂದ ತುಂಬ ಹೊತ್ತು ಮಾತೇ ಇಲ್ಲ. ಆಮೇಲೆ, "ಬಣ್ಣ ಹಾಕಿ, ಯಾರಿಗೂ ಹೇಳಬೇಡಿ" ಅಂದರು. ಹಾಕಿದೆವು. ಇವತ್ತಿನವರೆಗೆ ನಾನೂ ಹೇಳಿರಲಿಲ್ಲ.

ಇಷ್ಟು ಕಲಿತ ಮೇಲೂ ನಂಬರ್ ಒಂದೇ ಸಾಲುವುದಿಲ್ಲ ನೋಡಿ. ಟೂರಿಂಗ್, ಸ್ಪೋರ್ಟ್, ಆರ್‌ಎಸ್‌ಆರ್, ಎಲ್ಲ ಒಂದೇ ಸಾಲಿನ ನಂಬರಿನಲ್ಲಿ ಬಂದವು, ಎಲ್ಲದರಲ್ಲೂ ಐದನೆಯದ್ದು 6. ಬೇರೆ ಮಾಡುವುದು ಫ್ಯಾಕ್ಟರಿಯ ದಾಖಲೆಯಲ್ಲಿರುವ ಆಯ್ಕೆಯ ಸಂಖ್ಯೆ: ಸ್ಪೋರ್ಟಿಗೆ ಎಂ471, ಟೂರಿಂಗಿಗೆ ಎಂ472. ಆಗ ಸ್ಪೋರ್ಟಿಗೆ ಹೆಚ್ಚುವರಿ ಕೊಡಬೇಕಾದದ್ದು 700 ಮಾರ್ಕ್, ಟೂರಿಂಗಿಗೆ 2500. ಸುಖಕ್ಕೇ ಜಾಸ್ತಿ ದುಡ್ಡು, ಅದು ನ್ಯಾಯ. ಈಗ ತಿರುಗಿಬಿದ್ದಿದೆ. ಇಲ್ಲದ ಗಡಿಯಾರಕ್ಕೇ ಬೆಲೆ. ಹಾಗಾಗಿ ಒಳ್ಳೆಯ ಟೂರಿಂಗಿನ ಗಡಿಯಾರ ಕಿತ್ತು, ಸೀಟು ಕಿತ್ತು, ಸ್ಪೋರ್ಟ್ ಅಂತ ತೋರಿಸುವ ಆಸೆ ಜನರಿಗೆ.

ನನ್ನ ಸಿಟ್ಟು ಇರುವುದು ಅಲ್ಲಿ. ಟೂರಿಂಗಿನ ಮೇಲಲ್ಲ. ಅಕ್ಕ ಅಂಗಳದಲ್ಲಿ ಅಡಿಕೆ ಹೆಕ್ಕುವಾಗ ಕಡಿಮೆ ದರ್ಜೆಯದ್ದರಲ್ಲೂ ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ ರಾಶಿ ಹಾಕ್ತಾಳೆ. ಪಟೋರವನ್ನು ಯಾರೂ ಡೂಪ್ಲಿಕೇಟ್ ಅಡಿಕೆ ಅನ್ನುವುದಿಲ್ಲ, ಅದರ ರೇಟು ಅದಕ್ಕುಂಟು. ಈ ವರ್ಷದ ಹೊಸ ಅಡಿಕೆಯನ್ನು ಡಬಲ್ ಚೋಲ್, ಅಂದರೆ ಇಟ್ಟು ಹಳೆಯದಾದ ಅಡಿಕೆ ಅಂತ ಗೋಣಿಗೆ ತುಂಬಿ ಕೊಟ್ಟರೆ ಮಾತ್ರ ಅಂಗಡಿಯವ ಕಚ್ಚಿ ನೋಡಿ ಮುಖಕ್ಕೆ ಬಿಸಾಡ್ತಾನೆ.

ಇದನ್ನೆಲ್ಲ ಹುಡುಗನಿಗೆ ಕೂರಿಸಿ ಹೇಳಿದೆ. ಕೇಳಿದನೋ ಇಲ್ಲವೋ, ಮೊಬೈಲ್ ಕೆಳಗಿಡಲಿಲ್ಲ. ಸ್ವಲ್ಪ ಹೊತ್ತು ಕಳೆದು ಅದೇ ಬಿಳಿ ಕಾರಿನ ಫೋಟೋ ಮತ್ತೆ ತಂದ. "ಮಾವ, ಬಿಸಿಲಿನ ಫಲಕ ಎರಡೂ ಉಂಟು, ಲಾಂಛನ ಲೋಹದ ಹಾಗೆ ಕಾಣ್ತದೆ. ಟೂರಿಂಗೇ." ಹೌದು ಅಂದೆ. ಬೆರಳಲ್ಲಿ ಫೋಟೋ ಆಚೆ ಈಚೆ ಸರಿಸಿದ. "ಆದ್ರೆ ಡಿಕ್ಕಿಯ ಫೋಟೋ ಹಾಕಲೇ ಇಲ್ವಲ್ಲ ಇವ್ನು, ಯಾಕೆ?"